ಗೀಟಿನ ಬಲಕ್ಕೊಂದು ದಿಬ್ಬ

ಭೌತಶಾಸ್ತ್ರ ಪಾಠ ಮಾಡುವುದಕ್ಕಿಂತ ಚಿಂತೆ ಮಾಡುವುದರಲ್ಲಿ ನನಗೆ ಅನುಭವ ಹೆಚ್ಚು. ಪಾಠ ಶುರುವಾದದ್ದು ನೌಕರಿ ಸಿಕ್ಕ ಮೇಲೆ; ಚಿಂತೆಗೆ ನೌಕರಿಯ ಅಗತ್ಯ ಬೀಳಲಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದವಾಡಿಯ ಮನೆಗೆ ಮರಳಿ ಓಡಿದ್ದೇನೆ. ಆ ದಿನ ನೋಡಿದರೆ ಸಿಲಿಂಡರೇ ಖಾಲಿಯಾಗಿತ್ತು. ಇಂಥವನು ಐವತ್ತು ದಾಟಿದ ಮೇಲೆ ಪ್ರೋಟಾನುಗಳ ಉಸಾಬರಿಗೆ ಬಿದ್ದ.

ಯುರೋಪಿನಲ್ಲಿ ನೆಲದಡಿಯ ಸುರಂಗವೊಂದರಲ್ಲಿ ಪ್ರೋಟಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಎದುರುಬದುರು ಡಿಕ್ಕಿ ಹೊಡೆಸುತ್ತಾರೆ. ಆ ಡಿಕ್ಕಿಗಳ ದಾಖಲೆಯಲ್ಲಿ ಒಂದು ಪಾಲನ್ನು ಕೆಲವು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಲಿ ಎಂದು ಇಂಟರ್‌ನೆಟ್ಟಿಗೆ ಬಿಡುತ್ತಾರೆ. ಯಾರು ಬೇಕಾದರೂ ಎಂದರೆ ಬೆಳಗಾವಿಯ ಡಿಗ್ರಿ ಕಾಲೇಜಿನ ಮಾಸ್ತರನೂ ಅದರಲ್ಲಿ ಬರುತ್ತಾನೆ ಎಂದು ನನಗೆ ತೋರಿಸಿಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಖಾನಾಪುರದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಾಳೆ. ಮೂವತ್ತು ದಾಟಿದೆ. ದೂರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್‌ಡಿ ಮಾಡಬೇಕೆಂಬುದು ಆಕೆಯ ಆಸೆ. ಎರಡು ಸಲ ಸಂದರ್ಶನಕ್ಕೆ ಕರೆದು ವಾಪಸ್ ಕಳಿಸಿದ್ದರು. "ನೀವು ಸ್ವತಃ ಮಾಡಿದ ಕೆಲಸ ಏನು?" ಎಂದು ಕೇಳಿದಾಗ ಎರಡೂ ಸಲ ಆಕೆಯ ಬಳಿ ಹೇಳಲು ಏನೂ ಇರಲಿಲ್ಲ. ಅಲ್ಲಿಯ ನಿಯಮದಂತೆ ಮೂರು ಸಲಕ್ಕಿಂತ ಹೆಚ್ಚು ಪ್ರಯತ್ನಿಸುವಂತಿಲ್ಲ. ಇದು ಮೂರನೆಯದು.

"ಸರ್, ಈ ಸಲ ನಾನು ಖರೇನ ಏನರ ಮಾಡಿ ತೋರಿಸ್ಬೇಕ್ರಿ. ನೀವು ಜೋಡಿ ಇರ್ರಿ," ಎಂದಳು.

ಜೊತೆಗಿರಲು ಒಪ್ಪಿದೆ. ಒಪ್ಪಿದ ಮರುಗಳಿಗೆಯೇ ಚಿಂತೆ ಶುರುವಾಯಿತು, ನನ್ನಿಂದಲೇ ಇದು ಕೆಟ್ಟರೆ?

ನಾವು ಆರಿಸಿಕೊಂಡ ಕೆಲಸ ಜೆಟ್‌ಗಳದ್ದು. ಡಿಕ್ಕಿಯಾದಾಗ ಪ್ರೋಟಾನಿನ ಒಳಗಿನ ಕ್ವಾರ್ಕೊಂದು ಜೋರಾಗಿ ಹೊರಕ್ಕೆ ಚಿಮ್ಮುತ್ತದೆ. ಆದರೆ ಕ್ವಾರ್ಕ್ ಒಂಟಿಯಾಗಿ ಇರಲಾರದು. ಅದನ್ನು ಹಿಡಿದಿಟ್ಟಿರುವುದಕ್ಕೆ ಪ್ರಬಲ ಬಲ ಎಂದು ಹೆಸರು. ಉಳಿದ ಬಲಗಳು ದೂರ ಹೋದಂತೆ ಕೈಬಿಡುತ್ತವೆ, ಇದು ಬಿಡುವುದಿಲ್ಲ. ಎಳೆದಷ್ಟೂ ಆ ಎಳೆತದಲ್ಲಿ ಶಕ್ತಿ ಸೇರುತ್ತ ಹೋಗುತ್ತದೆ, ಕೊನೆಗೆ ಆ ಶಕ್ತಿಯೇ ಹೊಸ ಕಣಗಳಾಗಿ ಒಡೆಯುತ್ತದೆ. ಹೊರಟದ್ದು ಒಂದು ಕ್ವಾರ್ಕ್, ಬಂದು ತಲುಪುವುದು ಅದೇ ದಿಕ್ಕಿನಲ್ಲಿ ಹಾರುವ ಹತ್ತಾರು ಕಣಗಳ ಗುಂಪು. ಮದುವೆಗೆ ಒಬ್ಬರನ್ನು ಕರೆದರೆ ಟ್ರ್ಯಾಕ್ಸ್ ಗಾಡಿ ತುಂಬಿಕೊಂಡು ಬಂದ ಹಾಗೆ. ಆ ಗುಂಪಿಗೆ ಜೆಟ್ ಎನ್ನುತ್ತಾರೆ.

ಜೆಟ್ಟಿನ ಒಳಗಿನ ಕಣಗಳನ್ನು ಜೋಡಿ ಜೋಡಿಯಾಗಿ ತೆಗೆದುಕೊಂಡು, ಎರಡರ ನಡುವೆ ಎಷ್ಟು ಕೋನವಿದೆ ಎಂದು ಅಳೆಯುವುದು. ಶಕ್ತಿ ಹೆಚ್ಚಿದ್ದ ಜೋಡಿಗೆ ಹೆಚ್ಚು ತೂಕ ಕೊಡುವುದು. ರಾಶಿ ರಾಶಿ ಜೆಟ್‌ಗಳಿಗೆ ಹೀಗೇ ಮಾಡಿ, ಎಲ್ಲವನ್ನೂ ಕೂಡಿಸಿ ಒಂದು ಗೀಟು ಎಳೆಯುವುದು. ಇಷ್ಟೇ. ದೊಡ್ಡ ಕೋನಗಳು ಗ್ರಾಫಿನ ಬಲಕ್ಕೆ, ಸಣ್ಣವು ಎಡಕ್ಕೆ. ದೊಡ್ಡ ಕೋನದ ಕವಲುಗಳು ಮೊದಲು ಒಡೆಯುತ್ತವೆ, ಸಣ್ಣವು ಆಮೇಲೆ. ಅಂದರೆ ಗೀಟನ್ನು ಬಲದಿಂದ ಎಡಕ್ಕೆ ನೋಡುತ್ತ ಬಂದರೆ ಜೆಟ್ಟಿನ ಆಯುಷ್ಯವನ್ನೇ ನೋಡಿದಂತೆ.

"ಬಲದಿಂದ ಎಡಕ್ಕಂದ್ರ ಉರ್ದು ಓದಿದಂಗ ಆತಲ್ರಿ ಸರ್! ಇದು ನಮ್ಮ ಮನಿ ಗ್ರಾಫ್ ಐತಿ," ಎಂದು ನಕ್ಕಳು.

ಆ ಗೀಟಿನ ಬಲಭಾಗದಲ್ಲಿ ಕ್ವಾರ್ಕ್ ಮತ್ತು ಅವನ್ನು ಅಂಟಿಸಿ ಹಿಡಿಯುವ ಗ್ಲುವಾನುಗಳ ಕಾರುಬಾರು, ಅಲ್ಲಿ ಅದರ ಓಟವೇ ಬೇರೆ. ಎಡತುದಿಯಲ್ಲಿ ಕಣಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಹರಡಿಕೊಂಡಿರುತ್ತವೆ, ಅಲ್ಲಿಯ ಓಟವೇ ಬೇರೆ. ನಡುವೆ ಒಂದು ಬಾಗು. ಕ್ವಾರ್ಕುಗಳ ಸ್ವಾತಂತ್ರ್ಯ ಮುಗಿದು ಅವು ಸಾಮಾನ್ಯ ಕಣಗಳ ಹೊಟ್ಟೆಯೊಳಗೆ ಸೆರೆಯಾಗುವ ಜಾಗವೇ ಆ ಬಾಗು. ಇದನ್ನು ದೊಡ್ಡ ದೊಡ್ಡವರು ಆಗಲೇ ನೋಡಿಯಾಗಿದೆ. ಆದರೆ ಬೇರೆಯವರು ನೋಡಿದ್ದನ್ನು ಓದುವುದಕ್ಕೂ, ನಮ್ಮ ಕೈಯಿಂದ ಹೊರಟ ಗೀಟು ತಾನಾಗಿ ಬಾಗುವುದನ್ನು ನೋಡುವುದಕ್ಕೂ ಬಹಳ ಅಂತರವಿದೆ. ಮೊದಲ ಸಲ ಅದು ಅಸ್ಪಷ್ಟವಾಗಿ ಬಾಗಿದಾಗ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎದ್ದು ನಿಂತುಬಿಟ್ಟೆ. ಪ್ರಿನ್ಸಿಪಾಲರು ಬಂದರೆಂದು ಉಳಿದವರೂ ಎದ್ದರು.

ಭಾನುವಾರಗಳಲ್ಲಿ ನಾನು ಖಾನಾಪುರಕ್ಕೆ ಹೋಗುತ್ತಿದ್ದೆ. ಆಕೆಯ ತಂದೆಯದು ಹಂಚು ಮತ್ತು ಇಟ್ಟಂಗಿಯ ವ್ಯಾಪಾರ. ಮನೆಯಲ್ಲಿ ದಖನಿ ಉರ್ದು, ಅಂಗಳದಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಮಗಳು ಏನು ಮಾಡುತ್ತಿದ್ದಾಳೆ ಎಂದು ಒಮ್ಮೆ ನನ್ನನ್ನೇ ಕೇಳಿದರು. ನನಗೆ ಕನ್ನಡದಲ್ಲಿ ವಿಜ್ಞಾನ ಹೇಳುವ ಹುಮ್ಮಸ್ಸು. ಜೆಟ್ ಎನ್ನುವುದಕ್ಕೆ ಅಚ್ಚಗನ್ನಡದಲ್ಲಿ ಒಂದು ಮಾತನ್ನು ಹೊಂದಿಸಿಟ್ಟುಕೊಂಡಿದ್ದೆ.

"ಕಣದ ಚಿಲುಮೆ ನೋಡಾಕತ್ತೇವ್ರಿ," ಎಂದೆ.

"ಎಲ್ಲಿ ಕಣ ರೀ ಮಾಸ್ತರ್ರ?"

"ಯುರೋಪಿನಾಗ್ರಿ. ನೆಲದ ಕೆಳಗ, ಸುರಂಗದಾಗ."

"ಸುರಂಗದಾಗ ಕಣ ಮಾಡ್ಯಾರ? ಗಾಳಿ ಹೆಂಗ ಬರ್ತೈತ್ರಿ?"

"ಗಾಳಿ ಇರಂಗಿಲ್ರಿ. ಇದ್ದ ಗಾಳೀನೂ ಪಂಪ್ ಹಚ್ಚಿ ಹೊರಗ ತಗೀತಾರ."

"ಗಾಳಿ ಇಲ್ಲದ ತೂರೂದು ಹೆಂಗ?" ಅವರು ಮಗಳ ಕಡೆ ತಿರುಗಿದರು. "ಅದರಾಗ ಚಿಲಿಮಿ ಬ್ಯಾರೆ ಹಚ್ತಾರಂತ! ಬಣವಿಗೆ ಕಿಡಿ ಹತ್ತಿದ್ರ ಯಾರ್ ಆರಸ್ತಾರ? ನೀ ಅಂಥಾ ಕಡೆ ಹೋಗಬ್ಯಾಡ ಬೇಟಾ."

ಆಗ ತಿಳಿಯಿತು. ಕಣ ಎಂದರೆ ಅವರಿಗೆ ಸುಗ್ಗಿಯಲ್ಲಿ ರಾಶಿ ಮಾಡುವ ಜಾಗ. ಚಿಲುಮೆ ಎಂದರೆ ತಂಬಾಕು ಸೇದುವ ಕೊಳವೆ, ಮರಾಠಿಯಲ್ಲೂ ಅದೇ, ಉರ್ದುವಿನಲ್ಲೂ ಅದೇ. ಒಂದಕ್ಕೊಂದು ಒಪ್ಪದ ಮೂರು ಭಾಷೆಗಳು ನನ್ನ ವಿರುದ್ಧ ಮಾತ್ರ ಒಂದಾಗಿದ್ದವು. ಮಗಳು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಅಬ್ಬಾ, ಅದು ಜೆಟ್ ಐತ್ರಿ, ಜೆಟ್," ಎಂದು ತಂದೆಗೆ ಹೇಳಿದಳು.

"ಹಂಗ ಹೇಳ್ಬೇಕಿಲ್ಲೋ! ಸಾಂಬ್ರಾ ಏರ್‌ಪೋರ್ಟಿನಾಗ ಹಾರ್ತಾವಲ್ಲ." ಅವರಿಗೆ ಸಮಾಧಾನವಾಯಿತು. ನಾನು ಅಲ್ಲಿಗೇ ಬಿಟ್ಟೆ.

ಸಂದರ್ಶನ ಒಂದು ಸೋಮವಾರ, ಆನ್‌ಲೈನಿನಲ್ಲಿ. ಅದರ ಹಿಂದಿನ ಗುರುವಾರ ಮಧ್ಯಾಹ್ನ ನಾವು ಎಲ್ಲ ಜೆಟ್‌ಗಳನ್ನೂ ಸೇರಿಸಿ ಕೊನೆಯ ಗೀಟು ಎಳೆದೆವು, ಆಕೆ ಖಾನಾಪುರದಲ್ಲಿ, ನಾನು ಬೆಳಗಾವಿಯಲ್ಲಿ. ಬಾಗು ಚೆನ್ನಾಗಿ ಬಂತು. ಬಲಕ್ಕೆ ಜೆಟ್ಟಿನ ಅಂಚು ಮುಗಿಯುವಲ್ಲಿ ಗೀಟು ಕೆಳಗೆ ಬಿತ್ತು. ಬೀಳಬೇಕಾದದ್ದೇ. ಆದರೆ ಅದರಾಚೆ, ಏನೂ ಇರಬಾರದ ಬಯಲಿನಲ್ಲಿ, ಒಂದು ದಿಬ್ಬ ಎದ್ದಿತ್ತು. ಸಣ್ಣದು, ಗುಂಡಗೆ, ಯಾರೋ ಮಣ್ಣು ಸುರಿದು ಹೋದಂತೆ.

ನಿಜ ಹೇಳಬೇಕೆಂದರೆ ಒಂದಿಷ್ಟು ಹೊತ್ತು ನಾನು ಸ್ವರ್ಗದಲ್ಲಿದ್ದೆ. ಯಾರೂ ಕಾಣದ್ದನ್ನು ಕಂಡೆವು ಎಂದುಕೊಂಡೆ. ಬೆಳಗಾವಿಯಲ್ಲಿ ಸತ್ಕಾರ ಯಾವ ಸಭಾಗೃಹದಲ್ಲಿ ಇಟ್ಟುಕೊಳ್ಳುತ್ತಾರೆ, ಪಾರ್ಕಿಂಗ್ ಸಾಕಾಗುತ್ತದೆಯೇ ಎಂಬಲ್ಲಿಯವರೆಗೆ ಯೋಚನೆ ಹೋಯಿತು. ಆಮೇಲೆ ಬುದ್ಧಿ ಬಂತು. ಒಂದು ಜೆಟ್ಟಿನ ಒಳಗಿರುವ ಎರಡು ಕಣಗಳ ನಡುವೆ ಆ ಜೆಟ್ಟಿನ ಅಗಲಕ್ಕಿಂತ ಹೆಚ್ಚು ಅಂತರ ಹೇಗೆ ಬರುತ್ತದೆ? ಸಂಜೆ ಹೆಂಡತಿಗೆ ಹೇಳಿಕೊಂಡೆ. ಆಕೆ ನೆಹರು ನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ದಣಿದು ಬಂದಿದ್ದಳು.

"ಒಂದ ಮನ್ಯಾಗ ಇರೋ ಇಬ್ಬರ ನಡುವ ಮನೀಗಿಂತ ದೊಡ್ಡ ಅಂತರ ಬಂದಂಗ ಆಗೇತಿ. ಹೆಂಗ ಸಾಧ್ಯ ಹೇಳು?"

"ಯಾಕ ಆಗಂಗಿಲ್ಲ? ನೀವು ಲ್ಯಾಪ್‌ಟಾಪ್ ಮುಂದ ಕುಂತ್ರ ನಮ್ಮನ್ಯಾಗ ದಿನಾ ಆಗ್ತೈತಿ," ಎಂದು ಒಳಗೆ ಹೋದಳು.

ಶುಕ್ರವಾರ, ಶನಿವಾರ ಪ್ರೋಗ್ರಾಮಿನ ಸಾಲು ಸಾಲು ಓದಿದೆವು, ಏನೂ ಸಿಗಲಿಲ್ಲ. ನಾನು ಫೋನಿನಲ್ಲಿ ಒಂದು ಉಪಾಯ ಹೇಳಿದೆ. "ನೋಡವಾ, ಗ್ರಾಫಿನ ಬಲಗಡೆ ಅಂಚು ಸ್ವಲ್ಪ ಕತ್ತರಿಸಿದ್ರ ದಿಬ್ಬ ಕಾಣಂಗೇ ಇಲ್ಲ. ಅಲ್ಲಿ ಹೆಂಗೂ ಏನೂ ಇರೂದಿಲ್ಲ."

"ಏನೂ ಇರೂದಿಲ್ಲ ಅಂದ್ರ ಏನ್ ಬಂದೈತಿ ಅಂತ ತಿಳೀಬೇಕಲ್ರಿ ಸರ್. ಅದೇ ಹಾಳು ನಮ್ಮ ಬಾಗಿನಾಗೂ ಕೂತಿದ್ರ? ಸಂದರ್ಶನದಾಗ ಕೇಳಿದ್ರ ಏನ್ ಹೇಳ್ಲಿ, ಕತ್ರಿ ಹಚ್ಚೇನ್ರಿ ಅಂತ ಹೇಳ್ಲ್ಯಾ?"

ಕತ್ತರಿಯ ಮಾತು ಬಿಟ್ಟೆ. ತಪ್ಪು ಅಂಕಿ ಬಲಗಡೆ ಎದ್ದು ಕಂಡದ್ದು ನಮ್ಮ ಪುಣ್ಯ. ಅದರ ಬೇರು ಎಲ್ಲಿಯವರೆಗೆ ಹೋಗಿದೆಯೋ ಯಾರಿಗೆ ಗೊತ್ತು. ಬಾಗು ಸುಳ್ಳಾದರೆ ಮೂರನೆಯ ಸಲವೂ ಆಕೆ ಬರಿಗೈಯಲ್ಲಿ ಕೂರಬೇಕಿತ್ತು.

ಭಾನುವಾರ ಬೆಳಿಗ್ಗೆ ಬೆಳಗಾವಿಯಲ್ಲಿ ಖಾನಾಪುರದ ರೈಲು ಹತ್ತಿ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ತಲೆಯೆತ್ತಿ ನೋಡಿದಾಗ ಸುತ್ತ ಕಾಡು. ಫೋನ್ ಬಂತು.

"ಸರ್, ಎಲ್ಲಿ ಅದೀರಿ? ಟೇಶನ್ನಿನಾಗ ನಿಂತೀನ್ರಿ."

"ಲೋಂಡಾ ಬಂತು ನೋಡವಾ."

"ಲೋಂಡಾ? ಗಾಡಿ ಇಲ್ಲಿ ನಿಂತಿತ್ತಲ್ರಿ!"

"ನಿಂತಿತ್ತು. ಜನ ಇಳಿಯಾಕತ್ತಿದ್ರು. ಅವರಿಗೆ ದಾರಿ ಆಗ್ಲಿ ಅಂತ ಕಾಲು ಮಡಚಿ ಕೂತೆ."

ಆಚೆಯಿಂದ ನಗು ಕೇಳಿಸಿತು. ಆಮೇಲೆ, "ನೀವೂ ಅಂಚು ದಾಟಿ ದಿಬ್ಬದ ಕಡೆ ಹೋದ್ರೇನ್ರಿ ಸರ್?"

ಲೋಂಡಾದ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ತಿರುಗಿ ಹೋಗುವ ಗಾಡಿಗೆ ಕಾಯುತ್ತ ಕೂತಾಗ, ಬೈದುಕೊಳ್ಳುವುದನ್ನೆಲ್ಲ ಮುಗಿಸಿದ ಮೇಲೆ, ಒಂದು ಕೆಲಸ ಮಾಡಿದೆ. ಒಟ್ಟು ಗೀಟನ್ನು ನೋಡುವುದು ಬಿಟ್ಟು, ದಿಬ್ಬಕ್ಕೆ ಮಣ್ಣು ಹೊತ್ತ ಜೆಟ್‌ಗಳನ್ನಷ್ಟೇ ಆರಿಸಿ, ಅವು ಪತ್ತೆಯಂತ್ರದಲ್ಲಿ ಎಲ್ಲೆಲ್ಲಿ ಬಿದ್ದಿವೆ ಎಂದು ಚಿತ್ರ ಬರೆಸಿದೆ. ಕಣಗಳನ್ನು ಹಿಡಿಯುವ ಆ ಯಂತ್ರ ಮಲಗಿಸಿದ ಪೀಪಾಯಿಯ ಹಾಗೆ ಡಿಕ್ಕಿಯ ಜಾಗವನ್ನು ಸುತ್ತಿಕೊಂಡಿರುತ್ತದೆ. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಚಾಪೆಯಂತೆ ಬಿಡಿಸಿಟ್ಟರೆ ನಕ್ಷೆ ಸಿಗುತ್ತದೆ. ಆ ನಕ್ಷೆಯಲ್ಲಿ ದಿಬ್ಬದ ಜೆಟ್‌ಗಳು ಎಲ್ಲೆಂದರಲ್ಲಿ ಇರಲಿಲ್ಲ. ಎಲ್ಲವೂ ಚಾಪೆಯ ಎರಡು ಅಂಚುಗಳಿಗೆ ಅಂಟಿಕೊಂಡಿದ್ದವು, ಅರ್ಧ ಈ ಕಡೆ, ಅರ್ಧ ಆ ಕಡೆ.

ಆ ಜಾಗದಲ್ಲಿ ಯಂತ್ರವೇ ಕೆಟ್ಟಿದೆ, ನಮಗೆ ಸಿಕ್ಕ ದಾಖಲೆಯೇ ಹಾಳು ಎಂದು ತೀರ್ಮಾನಿಸಿದೆ. ಕೆಟ್ಟದ್ದನ್ನು ತೀರ್ಮಾನಿಸುವುದಕ್ಕೆ ನನಗೆ ತಡವಾಗುವುದಿಲ್ಲ.

ಖಾನಾಪುರ ಮುಟ್ಟಿದಾಗ ಮಧ್ಯಾಹ್ನ. ಸಾವಿನ ಸುದ್ದಿ ತಂದವನ ಹಾಗೆ ಅವರ ಮನೆಯ ಮುಂದಿನ ಕೋಣೆಯಲ್ಲಿ ಕೂತೆ. "ಮಷೀನ್ ಅಲ್ಲಿ ಕೆಟ್ಟೈತಿ ನೋಡವಾ. ನಮ್ಮ ನಸೀಬು."

ಆಕೆ ಚಿತ್ರವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಎಡ ಅಂಚು ನೋಡಿದಳು, ಬಲ ಅಂಚು ನೋಡಿದಳು. ಆಮೇಲೆ ಕಾಗದವನ್ನು ಸುರುಳಿ ಸುತ್ತಿ, ಎರಡು ಅಂಚುಗಳನ್ನು ಕೂಡಿಸಿ ನನ್ನ ಮೂಗಿನ ಹತ್ತಿರ ತಂದಳು. ಈ ಕಡೆಯ ಅರ್ಧಕ್ಕೆ ಆ ಕಡೆಯ ಅರ್ಧ ಸೇರಿ ಅಲ್ಲೊಂದು ಇಡಿಯಾದ, ದುಂಡನೆಯ ಜೆಟ್ ನಿಂತಿತ್ತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು.

"ಸರ್, ನಮ್ಮ ಖಾಲಾ, ಅಮ್ಮನ ತಂಗಿ, ಚಂದಗಡದಾಗ ಅದಾರ್ರಿ, ಮಹಾರಾಷ್ಟ್ರ ಬಾರ್ಡರ್ ಆಚಿ. ಅಲ್ಲಿಂದ ನಮ್ಮ ಮನೀಗೆ ಬರಬೇಕಂದ್ರ ಅವರು ಇಡೀ ಭೂಮಿ ಸುತ್ತು ಹಾಕಿ ಬರ್ತಾರೇನ್ರಿ?"

ನನಗೆ ಹೊಳೆಯಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಪೀಪಾಯಿಯ ಸುತ್ತಿನ ಕೋನವನ್ನು ಒಂದು ಗೆರೆಯಿಂದ ಎಣಿಸಲು ಶುರುಮಾಡಿ, ಪೂರ್ತಿ ಸುತ್ತು ಬಂದು ಅದೇ ಗೆರೆಗೆ ಮುಗಿಸುತ್ತಾರೆ. ಆ ಗೆರೆಯ ಈಚೆಗೊಂದು ಕಣ, ಆಚೆಗೊಂದು ಕಣ ಬಿದ್ದರೆ ಅವು ಅಕ್ಕಪಕ್ಕದ ಮನೆಯವು. ನಮ್ಮ ಪ್ರೋಗ್ರಾಮ್ ಮಾತ್ರ ಒಂದರ ಅಂಕಿಯಿಂದ ಇನ್ನೊಂದರ ಅಂಕಿ ಕಳೆದು, ಇವೆರಡರ ನಡುವೆ ಹೆಚ್ಚುಕಡಿಮೆ ಒಂದು ಇಡೀ ಸುತ್ತಿನ ದೂರವಿದೆ ಎಂದು ವರದಿ ಮಾಡುತ್ತಿತ್ತು. ದಿಬ್ಬ ನಿಂತಿದ್ದ ಜಾಗವನ್ನು ಈಗ ಸರಿಯಾಗಿ ನೋಡಿದೆ. ಎರಡು ಪೈ. ಪೂರ್ತಿ ವೃತ್ತ. ಅದನ್ನು ವರ್ಷಾವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದವನಿಗೆ ಮೂರು ದಿನದಿಂದ ಎದುರಿಗಿದ್ದರೂ ಗುರುತು ಸಿಕ್ಕಿರಲಿಲ್ಲ.

"ಆ ಸಾಲು ಯಾರ್ ಬರದದ್ರಿ ಸರ್?" ಆಕೆಗೆ ಉತ್ತರ ಗೊತ್ತಿತ್ತು.

"ನಾನ. ಸಿದ್ಧ ಇದ್ದ ಪ್ರೋಗ್ರಾಮ್ ತಗೋಳೂಣ್ರಿ ಅಂತ ನೀ ಅಂದಿದ್ದಿ. ಒಂದ ಸಾಲಿನ ಕೆಲಸ, ನಾ ಬರೀತೀನಿ ಅಂದಿದ್ದೆ."

ಬೆಳಗಾವಿಯಲ್ಲಿ ಹುಟ್ಟಿ ಬೆಳೆದವನು ಮಾಡುವ ತಪ್ಪೇ ಇದು! ಗೆರೆ ಎಂದ ಕೂಡಲೆ ಆಚೆಯವರು ಬಲು ದೂರದವರು ಎಂದು ಲೆಕ್ಕ ಹಾಕಿಬಿಡುವುದು. ಗಡಿಯ ಗದ್ದಲ ಎದ್ದ ದಿನ ಬಸ್ಸುಗಳು ನಿಲ್ಲುತ್ತವೆ, ಬೋರ್ಡುಗಳಿಗೆ ಮಸಿ ಬೀಳುತ್ತದೆ; ಆದರೆ ಅದೇ ವಾರ ಆಚೆಯವರು ಇಲ್ಲಿಯ ಪೇಟೆಯಲ್ಲಿ ಸೀರೆ ಆರಿಸುತ್ತಿರುತ್ತಾರೆ, ಇಲ್ಲಿಯವರು ಆಚೆಯ ಮದುವೆಯಲ್ಲಿ ಊಟಕ್ಕೆ ಕೂತಿರುತ್ತಾರೆ. ಪ್ರೋಟಾನಿಗೆ ಇಷ್ಟೂ ಗೊತ್ತಿತ್ತು. ನನಗೆ ಗೊತ್ತಾಗಲಿಲ್ಲ.

ಆಕೆ ಸಾಲು ತಿದ್ದಿದಳು: ಅಂತರ ಅರ್ಧ ಸುತ್ತಿಗಿಂತ ಹೆಚ್ಚಾದರೆ ಇನ್ನೊಂದು ಕಡೆಯಿಂದ ಅಳೆ. ಮತ್ತೆ ಓಡಿಸಿದಳು. ಪರದೆಯ ಮೇಲೆ ಹೊಸ ಗೀಟು ಎಡದಿಂದ ಚುಕ್ಕೆ ಚುಕ್ಕೆಯಾಗಿ ಮೂಡುತ್ತ ಬಂತು. ಏರಿತು, ಬಾಗಿತು, ಬಲಕ್ಕೆ ಓಡಿತು, ಅಂಚಿಗೆ ಬಂದು ಬಿತ್ತು. ಆಚೆ ಬಯಲು ಬಯಲಾಗಿಯೇ ಉಳಿಯಿತು. ಬಾಗು ಇದ್ದಲ್ಲೇ ಇತ್ತು, ಮೊದಲಿಗಿಂತ ಚೊಕ್ಕಟವಾಗಿ.

"ಬಾಗು ಉಳೀತ್ರಿ ಸರ್!" ಆಕೆ ಚೀರಿದ್ದಕ್ಕೆ ತಂದೆ ಅಂಗಳದಿಂದ ಓಡಿ ಬಂದರು. "ಕ್ಯಾ ಹುವಾ?" ನಾನು ಅವರ ಎರಡೂ ಕೈ ಹಿಡಿದು ಅಲುಗಾಡಿಸಿದೆ. ಯಾಕೆಂದು ಅವರಿಗೆ ತಿಳಿಯದಿದ್ದರೂ ಅವರೂ ಅಲುಗಾಡಿಸಿದರು.

ಆ ಖುಷಿಯಲ್ಲೇ ಜಗಳವಾಯಿತು. ಸಂದರ್ಶನದಲ್ಲಿ ದಿಬ್ಬವಿದ್ದ ಹಳೆಯ ಗ್ರಾಫನ್ನೇ ಮೊದಲು ತೋರಿಸುತ್ತೇನೆ ಎಂದಳು.

"ಹುಚ್ಚಿ ಅದಿ ಏನು? ಸರಿ ಗ್ರಾಫ್ ಕೈಯಾಗ ಐತಿ. ತಪ್ಪಿಂದು ಯಾಕ ಮೆರವಣಿಗಿ?"

"ಸ್ವತಃ ಏನ್ ಮಾಡೀರಿ ಅಂತ ಕೇಳ್ತಾರಲ್ರಿ ಸರ್. ಬಾಗು ಬ್ಯಾರೆಯವರೂ ಮಾಡ್ಯಾರ. ಸ್ವತಃ ನಾನ ಮಾಡಿದ್ದು ಈ ತಪ್ಪು ಹುಡುಕಿದ್ದೊಂದ."

"ತಪ್ಪು ಮಾಡಿದ್ದು ನಾನು."

"ಅದು ಹೇಳಂಗಿಲ್ಲ ತಗೋರಿ," ಎಂದು ನಕ್ಕಳು.

ಸೋಮವಾರ ರಜೆ ಹಾಕಿ ಮತ್ತೆ ಹೋದೆ. ಈ ಸಲ ಬಸ್ಸಿನಲ್ಲಿ. ಆಕೆ ಒಳಗೆ ಲ್ಯಾಪ್‌ಟಾಪಿನ ಮುಂದೆ, ನಾನು ಮತ್ತು ತಂದೆ ಹೊರಗೆ ಹಂಚಿನ ಸಾಲುಗಳ ನಡುವೆ. ಸದ್ದಾಗಬಾರದೆಂದು ಅವರು ಅಂದು ಲಾರಿಯನ್ನೂ ಬರಬೇಡವೆಂದಿದ್ದರು. ಮುಚ್ಚಿದ ಬಾಗಿಲಿನಿಂದ ಆಕೆಯ ದನಿ ಮಾತ್ರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಮ್ಮೆ ಲ್ಯಾಪ್‌ಟಾಪಿನಿಂದ ಹಲವರು ನಕ್ಕ ಸದ್ದು ಬಂತು.

"ನಗಾಕತ್ತಾರ. ಚಲೋ ಆತಲ್ರಿ ಮಾಸ್ತರ್ರ?"

"ನನ್ನ ಸಂದರ್ಶನದಾಗೂ ನಕ್ಕಿದ್ರು. ತಗೊಳ್ಳಲಿಲ್ಲ."

ಅವರು ನನ್ನಿಂದ ಸ್ವಲ್ಪ ದೂರ ಸರಿದು ಕೂತರು.

ಬಾಗಿಲು ತೆರೆದಾಗ ಆಕೆಯ ಮುಖ ಕೆಂಪಾಗಿತ್ತು. "ಅರ್ಧ ಹೊತ್ತು ದಿಬ್ಬದ ಮ್ಯಾಲೇ ಹೋತ್ರಿ ಸರ್. ಕಾಗದ ಸುತ್ತಿ ಕ್ಯಾಮೆರಾಕ್ಕ ಹಿಡದೆ, ನಕ್ಕರು. ಆಮ್ಯಾಲ ಒಬ್ಬರು ಕೇಳಿದ್ರು: ಜೆಟ್ಟಿನ ಶಕ್ತಿ ದುಪ್ಪಟ್ಟು ಮಾಡಿದ್ರ ನಿಮ್ಮ ಬಾಗು ಎಲ್ಲಿ ಹೋಗ್ತೈತಿ? ಎಡಕ್ಕ ಸರೀಬೇಕ್ರಿ, ಕೋನ ಅರ್ಧ ಆಗ್ಬೇಕು ಅಂದೆ. ಮಾಡಿ ನೋಡೀರೇನು ಅಂದ್ರು. ಇಲ್ರಿ ಅಂದೆ. ಸಂಜಿಮಟ ಟೈಮ್ ಕೊಡ್ರಿ, ಮಾಡಿ ಕಳಸ್ತೀನಿ ಅಂದೆ."

"ಸಂಜಿಮಟ!" ಎಂದೆ. ಕರೆಂಟು ಹೋದರೆ? ಬಾಗು ಬಲಕ್ಕೆ ಸರಿದರೆ? ಸರಿಯದೇ ನಿಂತರೆ?

ಆಕೆ ಆಗಲೇ ಒಳಗೆ ಕೂತಿದ್ದಳು. ಜೆಟ್‌ಗಳನ್ನು ಶಕ್ತಿಯ ಪ್ರಕಾರ ಮೂರು ಗುಂಪು ಮಾಡಿದೆವು. ಮೊದಲ ಗೀಟು ಬಂತು, ನೀಲಿ. ಎರಡನೆಯದು ಹಸಿರು, ನಿಧಾನವಾಗಿ ಏರತೊಡಗಿತು. ನಾನು ಕುರ್ಚಿ ಬಿಟ್ಟು ಪರದೆಯ ಹತ್ತಿರ ನೆಲಕ್ಕೇ ಕೂತೆ. ಹಸಿರು ಗೀಟು ನೀಲಿಗಿಂತ ಮೊದಲೇ, ಎಡಕ್ಕೇ ಬಾಗಿತು. ಮೂರನೆಯದು ಕೆಂಪು. ಅದು ಇನ್ನೂ ಎಡಕ್ಕೆ ಬಾಗಿತು. ಹೆಚ್ಚು ಶಕ್ತಿಯಿಂದ ಹಾರಿದ ಕ್ವಾರ್ಕು ಸೆರೆ ಸಿಗುವಷ್ಟರಲ್ಲಿ ಇನ್ನೂ ಸಣ್ಣ ಕೋನಗಳವರೆಗೆ ಓಡಿರುತ್ತದೆ ಎಂದು ಆ ಮೂರು ಗೀಟುಗಳು ಸಾಲಾಗಿ ನಿಂತು ಹೇಳುತ್ತಿದ್ದವು. ಪ್ರಬಲ ಬಲ ಎಂಬ ಪದವನ್ನು ನಾನು ಸಾವಿರ ಸಲ ಉಚ್ಚರಿಸಿರಬಹುದು. ಅದು ಹಿಡಿದೆಳೆಯುವುದನ್ನು ಕಣ್ಣಾರೆ ಕಂಡದ್ದು ಖಾನಾಪುರದ ಆ ನೆಲದ ಮೇಲೆ ಕೂತಾಗ.

ಗ್ರಾಫ್ ಕಳಿಸಿದಳು. ಉತ್ತರ ಬರಲು ಎಷ್ಟು ಹೊತ್ತಾಯಿತೋ, ನನ್ನ ಉಗುರುಗಳನ್ನು ಕೇಳಬೇಕು. ಇಳಿಬಿಸಿಲು ಹಂಚುಗಳ ಮೇಲಿದ್ದಾಗ ಮೇಲ್ ಬಂತು. ಆಕೆ ಓದಿ, ಇನ್ನೊಮ್ಮೆ ಓದಿ, ತಂದೆಯತ್ತ ನೋಡಿದಳು.

"ತಗೊಂಡ್ರು ಅಬ್ಬಾ."

ಅವರು ಟೋಪಿ ತೆಗೆದು ತಲೆ ಸವರಿಕೊಂಡು ಮತ್ತೆ ಹಾಕಿಕೊಂಡರು. ಚಹಾ ತರಲು ಒಳಗೆ ನಡೆದರು. ದೊಡ್ಡ ಮಾತು ಏನಾದರೂ ಆಡಬೇಕಾದ ಸಮಯ ಅದು ಎಂದು ಗೊತ್ತಿತ್ತು. ಹಾಸ್ಟೆಲಿನಲ್ಲಿ ಊಟ ಹೇಗಿರುತ್ತದೋ ಎಂದೆ.

ಆಕೆ ಕೇಳಿಸಿಕೊಳ್ಳಲಿಲ್ಲ. ಪರದೆಯ ಕಡೆ ತಿರುಗಿದ್ದಳು. "ಸರ್, ಇದಕ್ಕಿಂತ ಮ್ಯಾಲಿನ ಶಕ್ತಿ ಜೆಟ್ಟೂ ಅದಾವಲ್ರಿ. ನಾಕನೇದೂ ಎಳದ ನೋಡೂಣೇನ್ರಿ?"

"ಅವು ಭಾಳ ಕಡಿಮಿ ಅದಾವವಾ. ಗೀಟು ನಡಗ್ತೈತಿ, ಬಾಗು ಸಿಗೂದೇ ಇಲ್ಲ ಒಮ್ಮೊಮ್ಮೆ, ಸುಮ್ನ ಇವತ್ತ..." ಎಂದು ನಾನು ಶುರುಮಾಡಿದ್ದೆ.

ಆಕೆ ಆಗಲೇ ಒತ್ತಿಬಿಟ್ಟಿದ್ದಳು.